ಪೂಜೆಗೆ ಕೂತ ಜಾಕು

೧೨ ಸೆಪ್ಟೆಂಬರ್ ೧೯೯೯, ಪಾಂಡವಪುರ

ಮತ್ತೆ ಹಿಂದಿನ ಚಕ್ರ ಪಂಚರ್. ಮತ್ತೆ ಗೆಳೆಯ ಚಿಕ್ಕಸ್ವಾಮಿಯ ಗ್ಯಾರೇಜು. ಕೆ.ಆರ್. ಪೇಟೆಯಿಂದ ನಾಗಮಂಗಲದವರೆಗೆ ಹಾಲಿನ ಡೈರಿಗಳನ್ನು ಸುತ್ತುವ ನನ್ನಂಥ ಸೂಪರ್‌ವೈಸರನ ಬೈಕಿಗೆ ಇದೇ ಗತಿ.

ನನ್ನ ಪೋಲಿಯೋ ಕಾಲು ನೆಲಕ್ಕೆ ಎಟುಕಲಿ ಅಂತ ಬುಲೆಟ್ಟನ್ನು ತಗ್ಗಿಸಿಕೊಟ್ಟವನು ಅವನೇ. ಸೆಂಟರ್ ಸ್ಟ್ಯಾಂಡು ನೆಲಕ್ಕೆ ಉಜ್ಜುತ್ತದೆಂದು ಕಿತ್ತುಹಾಕಿದ. ಈಗ ಚಕ್ರ ಬಿಚ್ಚಬೇಕಾದರೆ ಇಟ್ಟಿಗೆ ಪೇರಿಸಿ, ಮೇಲೆ ಬೈಕು ನಿಲ್ಲಿಸಿ, ಅವನು ಪಕ್ಕದಲ್ಲಿ ಅಂಗಾತ ಮಲಗಬೇಕು. ಇವತ್ತು ಒಂದು ಇಟ್ಟಿಗೆ ಜಾರಿತು. ಹೇಗೋ ಹಿಡಿದುಕೊಂಡೆ. ಅವನು ಎದ್ದು ಬೀಡಿ ಹಚ್ಚಿದ, ಏನೂ ಆಗದವನಂತೆ. ಇಟ್ಟಿಗೆ ಸಾಕು, ಬೈಕು ಎತ್ತಲು ಒಂದು ಜಾಕು ತರಲೇಬೇಕು.

೨೬ ಸೆಪ್ಟೆಂಬರ್

ಜಾಕು ಹುಡುಕಿಕೊಂಡು ಇಬ್ಬರೂ ಬೈಕಿನಲ್ಲೇ ಮೈಸೂರಿಗೆ. ಕಾರಿನ ಜಾಕು ಇಂಜಿನ್ ಕೆಳಗೆ ತೂರುವುದೇ ಇಲ್ಲ — ಇರುವುದು ನಾಲ್ಕು ಬೆರಳು ಜಾಗ. ಇನ್ನೊಂದು ತೂರಿತು. ಅದರ ತಲೆ ಹೆಬ್ಬೆರಳಷ್ಟು, ಬೈಕು ಕುಡುಕನ ಹಾಗೆ ತೂಗಾಡಿತು. ಟ್ರಾಲಿ ಥರದ್ದು ಚೆನ್ನಾಗಿತ್ತು, ಹೊರಲು ಎತ್ತಿನಗಾಡಿ ಬೇಕು. ಹಾದಿಯಲ್ಲಿ ಪಂಚರ್ ಆದರೆ ಏನು ಮಾಡಲಿ? ಅಂಗಡಿಯವನಿಗೆ ಬೇಜಾರು. ನನಗೂ ಸಿಟ್ಟು, ಯಾವುದೋ ಒಂದು ತಗೊಂಡು ಹೋಗೋಣ ಅಂದೆ.

“ಬೈಕು ನಿಂದು, ಎದೆ ನಂದು. ನೋಡ್ಕಂಡೇ ತಗಳಾನ ಕಣ್ಲಾ” ಅಂದ ಚಿಕ್ಕಸ್ವಾಮಿ.

ಬರಿಗೈಯಲ್ಲಿ ವಾಪಸು.

೧೬ ಅಕ್ಟೋಬರ್

ಸಿಕ್ಕಿತು. ಬಾಬುರಾಯನಕೊಪ್ಪಲಿನ ವೆಲ್ಡಿಂಗ್ ಹೊನ್ನಪ್ಪ ಮಾಡಿಕೊಟ್ಟ. ಮಡಚಿದರೆ ಚಪ್ಪಟೆ, ತಿರುಗಿಸಿದರೆ ಏಳುತ್ತದೆ. ಅಗಲವಾದ ತಲೆ, ಮೇಲೆ ರಬ್ಬರು. ಸೈಡ್ ಬಾಕ್ಸಿನಲ್ಲಿ ಹಿಡಿಯುತ್ತದೆ. ಇದು ಅಲ್ಲಾಡದೆ ಎತ್ತುತ್ತದೆ, ನೋಡ್ತಿರು ಅಂದ ಚಿಕ್ಕಸ್ವಾಮಿ. ಅವನ ಮುಖದಲ್ಲಿ ಅಷ್ಟು ಖುಷಿ ನೋಡಿ ಎಷ್ಟು ಕಾಲವಾಗಿತ್ತೋ. ಹೊಸದು, ಆಯುಧಪೂಜೆ ಆದಮೇಲೇ ಶುರು ಮಾಡೋಣ ಅಂದೆ.

೧೮ ಅಕ್ಟೋಬರ್, ಸಂಜೆ

ಗ್ಯಾರೇಜಿನಲ್ಲಿ ಆಯುಧಪೂಜೆ. ಸ್ಪ್ಯಾನರು, ಸುತ್ತಿಗೆ ಎಲ್ಲಕ್ಕೂ ವಿಭೂತಿ, ಕುಂಕುಮ. ನಡುವೆ ನಮ್ಮ ಜಾಕು, ಸೇವಂತಿಗೆ ಹಾರ ಹಾಕಿಕೊಂಡು. ಚಿಕ್ಕಸ್ವಾಮಿಯ ಹೆಂಡತಿ ಪುಟ್ಟತಾಯಮ್ಮ ಬೂದುಗುಂಬಳ ಒಡೆಸಿ, ಕಡ್ಲೆಪುರಿ ಹಂಚಿ ಮನೆಗೆ ಹೋದಳು. ನಾಳೆ ವಿಜಯದಶಮಿಯ ಪೂಜೆ ಆಗುವ ತನಕ ಇಟ್ಟದ್ದನ್ನು ಮುಟ್ಟುವಂತಿಲ್ಲ.

ಹೊರಟೆ — ಪಂಚರ್. ನಾಗಮಂಗಲದ ಮನೆಯಲ್ಲಿ ಮಗಳು ಸಹನ ಹೊಸ ಲಂಗ ಹಾಕಿಕೊಂಡು ಕಾಯುತ್ತಿದ್ದಾಳೆ, ಬೈಕಿನಲ್ಲಿ ಒಂದು ರೌಂಡಿಗೆ. ಬೈಕಿನ ಟೂಲು ಪೂಜೆಗೆ ಇಟ್ಟಿಲ್ಲ, ಅದರಲ್ಲೇ ಬಿಚ್ಚುತ್ತೇನೆ ಅಂದ ಚಿಕ್ಕಸ್ವಾಮಿ. ಹೋಗಿ ಜಾಕಿಗೆ ಕೈ ಹಾಕಿದ. ನಾನೇ ತಡೆದೆ.

“ಅದು ಪೂಜೆಗೆ ಕುಂತದೆ. ಇವತ್ತೊಂದಿನ ಮುಟ್‌ಬ್ಯಾಡ ಕಣ್ಲಾ.”

“ಆಯ್ತು ಬುಡು. ಇಟ್ಟಿಗೆ ಅವಲ್ಲ.”

ಪೇರಿಸುತ್ತಿದ್ದಾನೆ. ನಾನು ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

೨೯ ಅಕ್ಟೋಬರ್, ನಾಗಮಂಗಲ

ನಿನ್ನೆ ಚಿಕ್ಕಸ್ವಾಮಿಯ ತಿಥಿ.

ಅವತ್ತು ಇಟ್ಟಿಗೆ ಜಾರಿ ಬೈಕು ಅವನ ಎದೆಯ ಮೇಲೆ ಬಿತ್ತು. ಹಿಡಿದು ಎಳೆದೆ, ನನ್ನ ಕಾಲು ಊರಲಿಲ್ಲ. ಬೀದಿಯಲ್ಲಿ ತಮಟೆ — ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಹಾರ ಕಿತ್ತೆಸೆದು ಜಾಕು ತಂದೆ. ತೂರಿಸಿದೆ, ತಿರುಗಿಸಿದೆ. ಅಲ್ಲಾಡದೆ ಎತ್ತಿತು... ಅವನು ಹೇಳಿದ ಹಾಗೇ. ಅಷ್ಟು ಹೊತ್ತಿಗೆ ಅವನಿರಲಿಲ್ಲ.

೩ ನವೆಂಬರ್

ಪುಟ್ಟತಾಯಮ್ಮ ಬಸ್ಸು ಹತ್ತಿ ಬಂದಿದ್ದಳು. ಚೀಲದಿಂದ ಜಾಕು ತೆಗೆದು ಜಗಲಿಯ ಮೇಲಿಟ್ಟಳು. ಕಾಫಿ ಕುಡಿದಳು.

“ದೇವರಾಜಣ್ಣ, ಅಷ್ಟು ಓಡಾಡಿ ಮಾಡ್ಸಿದ್ರಿ. ಪಕ್ಕದಲ್ಲೇ ಇತ್ತು. ಯಾಕೆ ತಕ್ಕಳ್ಳಿಲ್ಲ ಅವ್ರು?”

ಪೂಜೆಗೆ ಕೂತಿದೆ, ಮುಟ್ಟುವುದಿಲ್ಲ ಅಂದ, ಎಂದೆ. ಅವನೇ ಅಂದ, ಎಂದೆ.

“ಅಂಗೇ ಅವ್ರು. ದೇವ್ರು ಅಂದ್ರೆ ಬಲು ಭಯ” ಅಂತ ಕಣ್ಣೊರೆಸಿಕೊಂಡಳು. ಸ್ವಲ್ಪ ಸಮಾಧಾನವಾದ ಹಾಗೆ ಕಂಡಿತು. ಬಸ್ಸು ಹತ್ತಿಸಿ ಬಂದೆ.

ಅಸಹ್ಯವಾಗುತ್ತಿದೆ ನನ್ನ ಮೇಲೆ. ರಬ್ಬರಿನ ಮೇಲೆ ಕುಂಕುಮ ಇನ್ನೂ ಹಾಗೇ ಇದೆ. ನಾಳೆ ಪಾಂಡವಪುರಕ್ಕೆ ಹೋಗಿ ಅವಳಿಗೆ, ತಡೆದವನು ನಾನು ಅಂತ —