ಮಂಗಳ ಆಗುವವರೆಗೆ

ಹೆಗಡೆಕಟ್ಟಾ

ತಾಳಮದ್ದಳೆ ಸಂಘದ ಅಧ್ಯಕ್ಷರಾದ ತಿಮ್ಮಪ್ಪ ಭಾವನಿಗೆ ನಾಗವೇಣಿಯ ನಮಸ್ಕಾರ.

ನಮ್ಮನೆಯವರಿಗೆ ಕೊಡಲಿರುವ ಸನ್ಮಾನ ಪತ್ರದ ಕರಡು ತಲುಪಿತು. "ಎದೆನೋವನ್ನೂ ಲೆಕ್ಕಿಸದೆ ಕೊನೆಯ ಮಂಗಳಪದದವರೆಗೆ ಮದ್ದಳೆ ನುಡಿಸಿದ ಕಲಾನಿಷ್ಠರು" ಎಂದು ಬರೆದಿದ್ದೀರಿ. ಅಕ್ಷರ ಚೆನ್ನಾಗಿದೆ.

ಅಂದು ಪ್ರಸಂಗದ ನಡುವೆ ಇವರು ಎದೆ ಹಿಡಿದುಕೊಂಡಾಗ ನಾನು ಮುಂದಿನ ಸಾಲಿನಲ್ಲೇ ಇದ್ದೆ. ಕಾರು ತರಿಸಿ ಎಂದೆ. ನೀವು ಮುರುಗಲು ಪಾನಕ ತರಿಸಿದಿರಿ. "ಎಂತಾ ಆಜಿಲ್ಲೆ ನಾಗವೇಣಿ, ಬರೀ ಪಿತ್ತ. ಮಂಗಳ ಆಗ್ದೆ ಯಾರೂ ಏಳಲಾಗ" ಎಂದಿರಿ. ಮುಖ್ಯ ಅರ್ಥಧಾರಿ ನೀವೇ ಅಲ್ಲವೇ. ಆಮೇಲೂ ಎರಡು ತಾಸು ಒಂದೊಂದು ಪದ್ಯಕ್ಕೂ ಅರ್ಥ ಹೇಳಿದಿರಿ.

ಆ ಎರಡು ತಾಸಿನಲ್ಲಿ ಏನಾಯಿತೆಂದು ಡಾಕ್ಟರು ಚಿತ್ರ ಬರೆದು ತೋರಿಸಿದರು. ರಕ್ತ ಸಿಗದೆ ಹೃದಯದ ಸ್ನಾಯುವಿನ ಒಂದು ಭಾಗ ಸತ್ತು ಕಲೆಗಟ್ಟಿದೆ. ಅದು ಇನ್ನು ಬಡಿಯುವುದಿಲ್ಲ. ಅದರ ಪಾಲಿನ ಕೆಲಸವನ್ನೂ ಹೊತ್ತ ಉಳಿದ ಭಾಗ ತಿಂಗಳಿಂದ ತಿಂಗಳಿಗೆ ಹಿಗ್ಗಿ, ಹೃದಯ ಚೆಂಡಿನಂತೆ ಉರುಟಾಗಿದೆ. ಮದ್ದಳೆಯ ಚರ್ಮ ಸಡಿಲಾದರೆ ಇವರು ಬಾರು ಬಿಗಿಯುತ್ತಿದ್ದರು. ಇದಕ್ಕೆ ಬಾರಿಲ್ಲ. ಈಗ ಸ್ನಾನ ಮಾಡಿ ಬಂದರೂ ಏದುಸಿರು. ಪಿತ್ತಕ್ಕೆ ಹೀಗಾಗುತ್ತದೆಂದು ನೀವು ಎಲ್ಲಿ ಓದಿದ್ದೀರೋ ತಿಳಿಸಿ, ಡಾಕ್ಟರಿಗೂ ಹೇಳುತ್ತೇನೆ.

ಸನ್ಮಾನಕ್ಕೆ ಇವರು ಬರುತ್ತಾರಂತೆ. ನಿಮ್ಮ ಮೇಲೆ ಸಿಟ್ಟಿಲ್ಲವಂತೆ. ವೇದಿಕೆಯ ಮೆಟ್ಟಿಲು ಹತ್ತಿಸಬೇಡಿ, ಕೆಳಗೇ ಕುರ್ಚಿ ಹಾಕಿಸಿ. ಎದೆನೋವಿನ ಆ ಸಾಲನ್ನು ಹೊಡೆದುಹಾಕಿ. ಇಲ್ಲವಾದರೆ ನೀವು ಸನ್ಮಾನ ಪತ್ರ ಓದಿದ ಮೇಲೆ ನಾನು ಎದ್ದು ಇವರ ಹೃದಯದ ಎಕೋ ರಿಪೋರ್ಟ್ ಓದುತ್ತೇನೆ. ಒಂದೊಂದು ಸಾಲಿಗೂ ಅರ್ಥ ಹೇಳುತ್ತೇನೆ. ಮಂಗಳ ಆಗುವವರೆಗೆ ನೀವು ಏಳಲಾಗ.

ಇಂತಿ,
ನಾಗವೇಣಿ