ಶುರುವಿನ ಮನೆ

ಸೆಪ್ಟೆಂಬರ್ 3, ಮಂಗಳವಾರ

...ಹಾಗೆ ಆ ರೋಬೋಟಿನ ವಿಷಯ ನಿನ್ನೆ ಬರೆಯುತ್ತಾ ಅರ್ಧಕ್ಕೇ ನಿಂತಿತು. ರೋಬೋಟ್ ತಾನಾಗಿ ಏನೂ ಮಾಡಬಾರದು. ನನ್ನ ಹೆಂಡತಿ ಸೇವಂತಿಯ ಪಾಠದ ಪುಸ್ತಕದಲ್ಲಿ ಕೆಂಪು ಗೆರೆ ಎಳೆದು ಬರೆದಿದೆ: 'ಹೇಳಿದಷ್ಟೇ. ಹೇಳದಿದ್ದರೆ ನಿಂತಲ್ಲೇ.' ರೋಬೋಟ್ ನಾನು. ಇವತ್ತು ಮಕ್ಕಳು 'ಮುಂದೆ, ಮುಂದೆ' ಎಂದವು, ಹೋದೆ. ಗೋಡೆ ಬಂತು. ಯಾರೂ 'ನಿಲ್ಲು' ಎನ್ನಲಿಲ್ಲ. ಹಣೆ ಬಡಿಯಿತು. ಹನ್ನೊಂದೂ ಮಕ್ಕಳು ಬಿದ್ದು ಬಿದ್ದು ನಕ್ಕವು. ಆಮೇಲೆ ಭೀಮರಾಯ ಹತ್ತಿರ ಬಂದು, "ಜೋರ ಬಡೀತೇನ್ರೀ ಸರ?" ಎಂದ. ರೋಬೋಟ್ ಉತ್ತರ ಕೊಡಬಾರದು. ಕೊಡಲಿಲ್ಲ.

ಒಂದನೇ ಕ್ಲಾಸಿಗೆ ಕಂಪ್ಯೂಟರ್ ಪಾಠ, ವಾರಕ್ಕೆ ಎರಡು ಪೀರಿಯಡ್. ಮುಂಬೈ ಜೋಗೇಶ್ವರಿಯ ಈ ಕನ್ನಡ ಶಾಲೆಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಹೆಡ್‌ಮಿಸ್ ಗುರುಬಾಯಿಯವರ ಕೋಣೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿದೆ. ಸೇವಂತಿ ಟ್ರೇನಿಂಗ್ ಮುಗಿಸಿ ಬಂದವಳೇ, "ಕಂಪ್ಯೂಟರ್ ಎಂತಕ್ಕೆ ಮಾರಾಯ್ರೆ, ಚಾಕ್ ಸಾಕು" ಎಂದಿದ್ದಳು. ನೆಲದ ಮೇಲೆ ಚೌಕ ಮನೆಗಳು, ಉದ್ದಕ್ಕೆ ಆರು, ಅಡ್ಡಕ್ಕೆ ಆರು. ಬಾಣ ಬರೆದ ಕಾರ್ಡುಗಳು. ಸಾಲಾಗಿ ಇಟ್ಟರೆ ಪ್ರೋಗ್ರಾಂ. ರೋಬೋಟ್ ತಪ್ಪು ಮನೆಗೆ ಹೋದರೆ ಸಾಲಿನಲ್ಲಿ ಎಲ್ಲೋ ತಪ್ಪಿದೆ, ಬಗ್ ಇದೆ ಎಂದರ್ಥ. ಆಗ ಅಳಬಾರದು, ರೋಬೋಟಿಗೆ ಬೈಯಬಾರದು, ಕಾರ್ಡ್ ನೋಡಬೇಕು. ಇಷ್ಟೇ. ಬಂದರಿನ ಗೋಡೌನಿನಲ್ಲಿ ಮೂವತ್ತಾರು ವರ್ಷ ಮೂಟೆ ಎಣಿಸುವ ಟ್ಯಾಲಿ ಕ್ಲರ್ಕ್ ಆಗಿದ್ದವನಿಗೆ, ನೈಟ್ ಕಾಲೇಜನ್ನು ಎರಡನೇ ವರ್ಷಕ್ಕೆ ಬಿಟ್ಟವನಿಗೆ, ಇದು ಅರ್ಥವಾಗುತ್ತದೆ.

ಅರ್ಥವಾಗದ್ದು ನಾನು ಆಡಿದ ಮಾತು. ಜುಲೈಯಲ್ಲಿ ಸೇವಂತಿ ಅಡುಗೆಮನೆಯಲ್ಲಿ ಬಿದ್ದಳು, ಏಳಲಿಲ್ಲ. ಆಗಸ್ಟಿನಲ್ಲಿ ಅವಳ ಬ್ಯಾಗು, ಹಾಜರಿ ಪುಸ್ತಕ ಒಪ್ಪಿಸಲು ಶಾಲೆಗೆ ಹೋದೆ. ಬಾಗಿಲಲ್ಲೇ ಮಕ್ಕಳು ಬ್ಯಾಗಿನ ಗುರುತು ಹಿಡಿದವು. "ಹಮಾರೇ ಟೀಚರ್ ಎಲ್ಲಿ?" ಎಂದಳು ಯಕ್ಷಿತಾ, ಎರಡು ಜಡೆಯವಳು. "ಊರಿಗೆ ಹೋಗಿದ್ದಾರೆ" ಎಂದುಬಿಟ್ಟೆ. ಪೂರ್ತಿ ಸುಳ್ಳಲ್ಲ. ಅದರ ಹಿಂದಿನ ವಾರವಷ್ಟೇ ಬೂದಿಯನ್ನು ರೈಲಿನಲ್ಲಿ ಊರಿಗೆ ಒಯ್ದು ಸಮುದ್ರಕ್ಕೆ ಬಿಟ್ಟು ಬಂದಿದ್ದೆ... ಈ ಎರಡು ಪೀರಿಯಡ್ ನೀವೇ ತೆಗೆದುಕೊಳ್ಳಿ ಎಂದು ಹೆಡ್‌ಮಿಸ್ ಬ್ಯಾಗನ್ನು ನನ್ನ ಹತ್ತಿರವೇ ಬಿಟ್ಟರು. ತಾಯಂದಿರಿಗೆಲ್ಲ ನಿಜ ಗೊತ್ತು. ಸರ್ ಹೇಳಿದ್ದೇ ಇರಲಿ ಎಂದು ಸುಮ್ಮನಿದ್ದಾರಂತೆ.

ಸೆಪ್ಟೆಂಬರ್ 6, ಶುಕ್ರವಾರ

ಚೌತಿಯ ರಜೆಗೆ ಮುಂಚಿನ ಕೊನೆಯ ಪೀರಿಯಡ್. ಒಂದು ಮೂಲೆಯ ಮನೆಯಲ್ಲಿ 'ಶಾಲೆ' ಎಂದು ಬರೆದೆ. ಎದುರು ಮೂಲೆಗೆ ಏನು ಬರೆಯಲಿ ಎಂದು ಕೇಳಿದೆ. ಪುಸ್ತಕದಲ್ಲಿ 'ತೋಟ' ಎಂದಿತ್ತು. ಯಕ್ಷಿತಾ ಹೇಳಿದಳು, "ಊರು. ಟೀಚರನ್ನು ಊರಿಂದ ಶಾಲೆಗೆ ತರೋಣ."

ಸೇವಂತಿಯ ಬ್ಯಾಗನ್ನು ನನ್ನ ಹೆಗಲಿಗೆ ಹಾಕಿದರು. "ಸರ್, ಅಬ್ ಆಪ್ ಟೀಚರ್." ಅಮಿತ ಟಿಸಿ ಆಗಿ ಒಂದು ಮನೆಯಲ್ಲಿ ನಿಂತ. ಟಿಕೆಟ್ ಇದ್ದರೂ ಬಿಡಲಿಲ್ಲ, ಇಳಿ ಎಂದ. "ವೇಟಿಂಗ್ ಲಿಸ್ಟ್ ಹೆ, ಉತರೋ." ಅವನನ್ನು ಸುತ್ತಿಹೋಗಲು ಮೂರು ಸಲ ಕಾರ್ಡ್ ಬದಲಿಸಿದರು. ಹನ್ನೆರಡು ಕಾರ್ಡು. ನಾಲ್ಕನೇ ಸಲ ಸರಿಯಾಗಿ ಶಾಲೆಯ ಮನೆಯಲ್ಲಿ ಹೋಗಿ ನಿಂತೆ. ಚಪ್ಪಾಳೆ. ಆಮೇಲೆ ಹನ್ನೊಂದೂ ಮುಖ ಬಾಗಿಲ ಕಡೆ ತಿರುಗಿದವು.

ನಾನೂ ನೋಡಿದೆ. ಬರೆಯಲು ನಾಚಿಕೆ, ಆದರೂ ನೋಡಿದೆ.

"ಟ್ರೈನ್ ಲೇಟ್ ಇರ್ಬೇಕು," ಎಂದ ಅಮಿತ.

ಹೊರಡುವಾಗ ಗುರುಬಾಯಿ ಮೇಡಂ ಕರೆದರು. "ಮಕ್ಕಳಿಗೆ ಯಾವಾಗ ಹೇಳ್ತೀರಿ ಸರ್ರ?"

"ಹೇಳುತ್ತೇನೆ ಮೇಡಂ."

"ಹೇಳ್ತೀನಿ ಅನಕೋತ ತಿಂಗಳಾತು. ನಿಮ್ಮ ಸಂಕಟ ನನಗ ತಿಳೀತದ. ಆದ್ರ ಅವು ದಿನಾ ಬಾಗಲ ನೋಡ್ತಾವ್ರಿ. ಈ ತಿಂಗಳ ತನಕ ನೋಡ್ತೀನಿ, ಆಮ್ಯಾಲ ನಾನಽ ಹೇಳಾಕಿ."

ಶೀ ಈಸ್ ಪರ್ಫೆಕ್ಟ್ಲಿ ಜಸ್ಟಿಫೈಡ್. ಆದರೆ ವಾರದಲ್ಲಿ ಎರಡು ದಿನ, ಮೂವತ್ತೈದು ನಿಮಿಷ, ಸೇವಂತಿ ಊರಲ್ಲಿರುತ್ತಾಳೆ. ಅತ್ತೆಮನೆಯ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿರುತ್ತಾಳೆ. ಅದನ್ನೂ ಬಿಡಬೇಕಲ್ಲ.

ಸೆಪ್ಟೆಂಬರ್ 8, ಭಾನುವಾರ

ಹಬ್ಬವಿಲ್ಲ, ಸೂತಕದ ವರ್ಷ. ಕೆಳಗೆ ಬಿಲ್ಡಿಂಗಿನವರ ಗಣಪತಿ, ಲೌಡ್‌ಸ್ಪೀಕರ್. ಮೂರನೇ ಮಾಳಿಗೆಯ ನಿಶಾ ಮೋದಕ ಕೊಟ್ಟು ಹೋದಳು. ಸಂಜೆ ತನಕ ಕಿಟಕಿಯ ಹತ್ತಿರ. ಏನೂ ಇಲ್ಲ.

ಸೆಪ್ಟೆಂಬರ್ 20, ಶುಕ್ರವಾರ

ಶಾಲೆ ತುಂಬಿದೆ. ಊರಿಗೆ ಹೋದ ಮಕ್ಕಳೆಲ್ಲ ಬಂದವು. ನನ್ನ ಟೇಬಲ್ಲಿನ ಮೇಲೆ ಭೀಮರಾಯನ ಶೇಂಗಾ ಉಂಡಿ, ಯಕ್ಷಿತಾಳ ಹಲಸಿನ ಹಪ್ಪಳ. ಹಪ್ಪಳ ನನಗಲ್ಲ, ಟೀಚರ್‌ಗೆ. ಟೀಚರ್ ಬಂದ ಮೇಲೆ ಕೊಡಬೇಕಂತೆ.

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಮುಂಬೈಯ ಮಕ್ಕಳಿಗೆ ಊರು ಎಂದರೆ ಹೋಗಿ ಬರುವ ಜಾಗ. ಬೇರೆ ಯಾವ ಸುಳ್ಳು ಹೇಳಿದ್ದರೂ ಮಕ್ಕಳು ಇದಕ್ಕಿಂತ ಬೇಗ ಮರೆಯುತ್ತಿದ್ದವು.

"ನಮ್ಮವ್ವ ಊರಿಗೆ ಹೋದ್ರ ಎಂಟ ದಿನಕ್ಕ ಬರ್ತಾಳ್ರಿ," ಎಂದ ಭೀಮರಾಯ. "ಟೀಚರ್ದು ಎಷ್ಟ ದಿನದ ರಜಾ ಐತಿ?"

ಬ್ಯಾಗು ಹೆಗಲಲ್ಲಿತ್ತು. "ರೋಬೋಟ್ ಮಾತಾಡಬಾರದು" ಎಂದೆ. ಹೇಡಿ.

ಯಕ್ಷಿತಾ ನನ್ನನ್ನೇ ನೋಡಿದಳು. "ಸಬ್ ವಾಪಸ್ ಬಂದ್ರು. ಟೀಚರ್ ಬರ್ಲಿಲ್ಲ. ಹಾಗಾದ್ರೆ ಬಗ್ ಇದೆ."

ಸೆಪ್ಟೆಂಬರ್ 27, ಶುಕ್ರವಾರ

ಮಂಗಳವಾರವೂ ಇವತ್ತೂ ಅದೇ. ಬಗ್ ಹುಡುಕುವುದು. ಒಂದೊಂದು ಕಾರ್ಡಿನ ಮೇಲೂ ಬೆರಳಿಟ್ಟು ಓದುತ್ತಾರೆ, ನನ್ನನ್ನು ನಡೆಸುತ್ತಾರೆ. ಏಳು ಸಲ ಊರಿಂದ ಶಾಲೆಗೆ ಬಂದೆ. ಮಂಡಿ ಊದಿದೆ. ಪ್ರತಿ ಸಲವೂ ಸರಿಯಾದ ಮನೆಗೇ ಬಂದು ನಿಲ್ಲುತ್ತೇನೆ, ಪ್ರತಿ ಸಲವೂ ಬಾಗಿಲು ಖಾಲಿ. ಅಮಿತ ಟಿಸಿ ಕೆಲಸ ಬಿಟ್ಟುಕೊಟ್ಟ. "ಮೇರೇ ವಜಹ್ ಸೇ ನಹೀ ಆ ರಹೀ ಕ್ಯಾ ಸರ್?" ಎಂದು ಕೇಳಿದ. ತನ್ನಿಂದಾಗಿಯೇ ಟೀಚರ್ ಬರುತ್ತಿಲ್ಲ ಎಂದುಕೊಂಡಿದ್ದಾನೆ. ಆರು ವರ್ಷದ ಹುಡುಗ.

ಅಲ್ಲ ಮಗಾ ಎಂದೆ.

ಸೇವಂತಿಯ ಪುಸ್ತಕದಲ್ಲಿ ಎಂಟನೇ ಪಾಠ 'ಬಗ್ ಹುಡುಕುವುದು.' ಮಗುಚಿದರೆ 'ಪಾಠ 9' ಎಂದಷ್ಟೇ. ಕೆಳಗೆ ಗೆರೆ, ಮತ್ತೆ ಬಿಳಿ ಹಾಳೆ.

ಮಂಗಳವಾರ ಹೇಳಲೇಬೇಕು.

ಅಕ್ಟೋಬರ್ 1, ಮಂಗಳವಾರ

ನಾನು ಹೇಳಲಿಲ್ಲ. ಅವಳೇ ಕಂಡುಹಿಡಿದಳು.

ಉಳಿದವರು ಕಾರ್ಡ್ ಜೋಡಿಸುತ್ತಿದ್ದರು. ಯಕ್ಷಿತಾ ಒಂದೂ ಕಾರ್ಡ್ ಮುಟ್ಟದೆ ಊರಿನ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು.

"ಸರ್, ಕಾರ್ಡ್ ಸಬ್ ಸಹೀ ಹೆ. ಶುರು ಮನೆ ಗಲತ್."

"ಅಂದರೆ?"

"ಟೀಚರ್ ಊರಲ್ಲಿ ಇಲ್ಲ. ಇಲ್ಲದ ಮನೆಯಿಂದ ನಡೆಸಿದ್ರೆ ಹೇಗೆ ಬರ್ತಾರೆ?" ಅಂಗೈಯಿಂದ 'ಊರು' ಒರೆಸಿದಳು. ಎದ್ದು ಬಂದು ನನ್ನ ಕೈಗೆ ಚಾಕ್ ಕೊಟ್ಟಳು. "ಆಪ್ ಬರೀರಿ. ಟೀಚರ್ ಯಾವ ಮನೇಲಿ ಇದ್ದಾರೆ?"

ಮೂವತ್ತಾರು ಮನೆ. ಒಂದೊಂದನ್ನೂ ನೋಡಿದೆ. ಟ್ಯಾಲಿ ಕ್ಲರ್ಕ್ ಅಲ್ಲವೇ, ನೋಡದೆ ಬಿಡಲಾಗುವುದಿಲ್ಲ.

ಜುಲೈಯಲ್ಲಿ ಆಫೀಸಿನ ಹಳಬರು ಕಾಗದ ಕಳಿಸಿದ್ದರು: 'ಇರ್ರೆಪೇರಬಲ್ ಲಾಸ್', 'ಹೆವನ್ಲಿ ಅಬೋಡ್'. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಸರ್ ಕಲಿಸಿದ ಮಾತುಗಳೇ. ಒಂದೂ ಉಪಯೋಗಕ್ಕೆ ಬರಲಿಲ್ಲ. ನೆಲದ ಮೇಲೆ ಕೂತೆ.

"ಟೀಚರ್ ಸತ್ತುಹೋದರು" ಎಂದೆ.

"ಯಾವಾಗ?"

"ಜುಲೈಯಲ್ಲಿ. ನಾನು ಸುಳ್ಳು ಹೇಳಿದೆ."

"ಹಂಗಂದ್ರ ಬರೂದಿಲ್ಲ," ಎಂದ ಭೀಮರಾಯ. "ನಮ್ಮ ಮುತ್ಯಾನೂ ಬರಲಿಲ್ಲ."

"ಅಮಿತ, ಇದು ನಿನ್ನಿಂದ ಆದದ್ದಲ್ಲ" ಎನ್ನಲು ಹೋದೆ. ಅಡುಗೆಮನೆಯಲ್ಲಿ, ಸ್ಮಶಾನದಲ್ಲಿ, ಸಮುದ್ರದ ದಂಡೆಯಲ್ಲಿ ಬಾರದ ಅಳು ಒಂದನೇ ಕ್ಲಾಸಿನ ನೆಲದ ಮೇಲೆ, ಚಾಕ್ ಹಿಡಿದುಕೊಂಡು ಬಂತು. ಅಮಿತ ಗಾಬರಿಯಾಗಿ ನನ್ನ ಅಂಗಿ ಜಗ್ಗಿದ. "ಸರ್, ಅಳಬಾರದು. ಕಾರ್ಡ್ ನೋಡಬೇಕು."

"ವೋ ರೂಲ್ ಬಗ್ ಕೇ ಲಿಯೇ ಹೆ," ಎಂದಳು ಯಕ್ಷಿತಾ. "ಇದು ಬಗ್ ಅಲ್ಲ."

ಬ್ಯಾಗನ್ನು ನನ್ನ ಹೆಗಲಿಂದ ತೆಗೆದು ಟೇಬಲ್ಲಿನ ಮೇಲೆ, ಹಪ್ಪಳದ ಪಕ್ಕದಲ್ಲಿ ಇಟ್ಟಳು. ಆಮೇಲೆ ಗೋಡೆಗೆ ಮುಖ ಮಾಡಿ ನಿಂತಳು, ಬೆಲ್ ಆಗುವ ತನಕ.

ಅಕ್ಟೋಬರ್ 5, ಶನಿವಾರ, ಸಂಜೆ

ನಿನ್ನೆ ಹೋಗಲಿಲ್ಲ. ಜ್ವರ ಎಂದು ಫೋನ್ ಮಾಡಿದೆ. ಮತ್ತೊಂದು ಸುಳ್ಳು. ಇವತ್ತು ಗುರುಬಾಯಿ ಮೇಡಂ ಫೋನ್ ಮಾಡಿದರು. "ಮಂಗಳವಾರ ಬರ್ತೀರಲ್ರಿ? ಆ ಎರಡು ಜಡಿ ಹುಡುಗಿ ಬಂದು ಕೇಳಿದ್ಲು. ಸರ್ ಭೀ ಊರಿಗೆ ಹೋದ್ರಾ ಅಂತ."

ಬರುತ್ತೇನೆ ಎಂದೆ.

ಹಾಗಾದರೆ ಪಾಠ 9 ಬೇಕು. ಪುಸ್ತಕ ತೆರೆದು ಕಿಟಕಿಯ ಹತ್ತಿರ ಕೂತೆ. ಅವಳ ಅಕ್ಷರದ ಕೆಳಗೆ ನನ್ನ ಅಕ್ಷರ, ಗೋಡೌನಿನ ರಿಜಿಸ್ಟರಿನ ಹಾಗೆ. 'ನಿಮ್ಮ ಮನೆಯಲ್ಲಿ ನೀವು ಕೂತ ಜಾಗದಿಂದ ಲೈಟಿನ ಸ್ವಿಚ್ಚಿನ ತನಕ ಪ್ರೋಗ್ರಾಂ ಬರೆಯಿರಿ.' ಮಕ್ಕಳಿಗೆ ಕೊಡುವ ಮುಂಚೆ ನಾನೇ ಮಾಡಿ ನೋಡಬೇಕು.

ಈ ಹೊತ್ತಿಗೆ ಅಡುಗೆಮನೆಯಿಂದ ಕೂಗುತ್ತಿದ್ದಳು: "ಕತ್ತಲೆಯಲ್ಲಿ ಎಂತ ಕೂತದ್ದು ಮಾರಾಯ್ರೆ, ಲೈಟ್ ಹಾಕಿ." ಜುಲೈಯಿಂದ ಈ ಹೊತ್ತಿಗೆ ಲೈಟ್ ಹಾಕಿಲ್ಲ ಎಂದು ಈಗ, ಇದನ್ನು ಬರೆಯುವಾಗ, ಗೊತ್ತಾಗುತ್ತಿದೆ. ಹೇಳದಿದ್ದರೆ ನಿಂತಲ್ಲೇ...

ಶುರು ಮನೆ: ಕಿಟಕಿಯ ಕುರ್ಚಿ. ಇದು ಸರಿ ಇದೆ. ಎರಡು ಸಲ ನೋಡಿದೆ.

1. ಏಳು.
2. ಬಲಕ್ಕೆ ತಿರುಗು.
3. ಮುಂದೆ, ಐದು ಹೆಜ್ಜೆ. ಅವಳ ಕುರ್ಚಿ ಅಡ್ಡ ಬರುತ್ತದೆ, ಸುತ್ತಿ ಹೋಗಬೇಕು —

ಗೆರೆ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ. ಇನ್ನು ಎದ್ದು ಲೈಟ್