ಸೋಮವಾರ ಬಿಟ್ಟು ಎತ್ತಿದ ಭಾರ

ಭೂಸನೂರ, ತಾ. ಆಳಂದ
8-2-2025

ಪ್ರೀತಿಯ ಅಣ್ಣಾ,

ಪಠಾಣಕೋಟದಲ್ಲಿ ಥಂಡಿ ಇಳಿಯಿತೆ? ನಿನ್ನ ಮೊಣಕಾಲು ಹೇಗಿದೆ? ವೈನಿಯ ಕೆಮ್ಮು ಕಡಿಮೆಯಾಯಿತೆ? ಇಲ್ಲಿ ಅವ್ವ ಆರಾಮ ಇದ್ದಾಳೆ. ಫೋನಿನಲ್ಲಾದರೆ ನಾನು ಅಂಕಿ ಹೇಳಿ ಮುಗಿಸುವ ಮೊದಲೇ ನೀನು ರೇಗುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ಫೌಜಿನಲ್ಲಿ ಜವಾನರಿಗೆ ಕಸರತ್ತು ಕಲಿಸುವ ನೀನೇ ನನ್ನ ಕೈಗೂ ಕಬ್ಬಿಣದ ರಾಡು ಕೊಟ್ಟವನು. ಮೊದಲ ವರ್ಷ ಪ್ರತಿ ಸಲ ಎರಡೂವರೆ ಕಿಲೋ ಏರಿಸುತ್ತ ಹೋದೆ. ಅವ್ವ ‘ಬಾಗಿ ಎತ್ತೂದು’ ಎನ್ನುವ ಡೆಡ್‌ಲಿಫ್ಟ್ ತೊಂಬತ್ತು ಕಿಲೋಗೆ ಬಂದು ಏಳು ವಾರ ಅಲ್ಲೇ ನಿಂತಿತು. ಹೊಸಬರ ಪದ್ಧತಿ ಇನ್ನು ಸಾಕು ಎಂದು ನವೆಂಬರಿನಲ್ಲಿ ನೀನು ನಡುಹಂತದವರ ಎರಡು ಪಟ್ಟಿ ಕಳಿಸಿದೆ: ಒಂದು ವಾರಕ್ಕೆ ಮೂರು ದಿನದ್ದು, ಇನ್ನೊಂದು ನಾಲ್ಕು ದಿನದ್ದು. ನಾಲ್ಕು ದಿನದ್ದೇ ಹಿಡಿ ಅಂದೆ, ನಾನು ಹಿಡಿದೆ. ಸೋಮವಾರ ಡೆಡ್‌ಲಿಫ್ಟ್.

ಡಿಸೆಂಬರಿನಲ್ಲಿ ಕಬ್ಬು ಕಡಿಯುವ ತಂಡ ಬರಲಿಲ್ಲ. ಹನ್ನೆರಡು ದಿನ ನಾವೇ ಕಡಿದು, ಹೊರೆ ಕಟ್ಟಿ, ಬಾಡಿಗೆ ಟ್ರ್ಯಾಕ್ಟರಿಗೆ ಹೇರಿದೆವು. ಸಂಜೆ ನಿನ್ನ ಪಟ್ಟಿಯನ್ನೂ ಬಿಡಲಿಲ್ಲ. ಹೊಲದ ಕೆಲಸವನ್ನು ನಮ್ಮ ಮನೆಯಲ್ಲಿ ಯಾರೂ ವ್ಯಾಯಾಮವೆಂದು ಎಣಿಸಿದವರಲ್ಲ. ನಾನು ತಪ್ಪಿದ್ದು ಅಲ್ಲೇ. ಎರಡನೆಯ ಸೋಮವಾರ ಎಂಬತ್ತು ಕಿಲೋ ಕೂಡ ನೆಲ ಬಿಡಲಿಲ್ಲ, ಸೊಂಟ ಹಿಡಿಯಿತು. ಅವ್ವ ನಾನು ಕಸರತ್ತು ಮಾಡುವ ಶೆಡ್ಡಿನ ಬಾಗಿಲಲ್ಲಿ ನಿಂತು, “ಸ್ವಾಮಾರ ಎತ್ತಿನ ಹೆಗಲ ಮ್ಯಾಲೂ ನೊಗ ಇಡಂಗಿಲ್ಲ ನಾವು. ನೀ ಏನ್ ಬೇ, ಎತ್ತಿಗಿಂತ ಗಟ್ಟಿ ಅದಿ ಏನ?” ಅಂದಳು. ನಗು ಬಂತು, ಸೊಂಟ ನಗಲು ಬಿಡಲಿಲ್ಲ.

ಮರುದಿನ ಒಂದು ಹೊರೆ ತೂಗಿ ನೋಡಿದೆ: 24 ಕಿಲೋ. ದಿನಕ್ಕೆ ನಾನು ಎತ್ತಿದ್ದು ಎಪ್ಪತ್ತೈದು ಹೊರೆ, ಅಂದರೆ 1,800 ಕಿಲೋ. ನಿನ್ನ ಪಟ್ಟಿಯ ಸೋಮವಾರದ ಒಟ್ಟು ಭಾರವೂ ಹೆಚ್ಚುಕಡಿಮೆ ಅಷ್ಟೇ. ಹನ್ನೆರಡು ದಿನವೂ ನನಗೆ ಸೋಮವಾರವೇ ಆಗಿತ್ತು.

ಇದನ್ನು ಹೇಳಿದಾಗ ನೀನು ಅಂದದ್ದು ಕಿವಿಯಲ್ಲೇ ಇದೆ: “ಪಟ್ಟಿ ಅಂದ್ರ ಪಟ್ಟಿ. ಕಬ್ಬು ಹೊರೋದು ಕಸರತ್ತಲ್ಲ. ಪಟ್ಟಿ ಮುರದ್ರ ಕಲಬುರಗಿ ಸ್ಪರ್ಧಾಕ್ಕ ನಾ ಕೋಚ್ ಆಗಿ ಬರಂಗಿಲ್ಲ, ತಿಳ್ಕೊ.” ನೀನು ಪಕ್ಕದಲ್ಲಿಲ್ಲದೆ ನಾನು ಭಾರ ಎತ್ತುವ ಯಾವ ಸ್ಪರ್ಧೆಗೂ ಹೋದವಳಲ್ಲ.

ಆದರೂ ಮುರಿದೆ. ಡಿಸೆಂಬರ್ 24ರಿಂದ ಮೂರು ದಿನದ ಪಟ್ಟಿ: ಮಂಗಳವಾರ ಭಾರ, ಗುರುವಾರ ಹಗುರ, ಶನಿವಾರ ನಡುವಿನದು. ಸೋಮವಾರ ಎತ್ತುಗಳ ಜೊತೆ ನನಗೂ ಸೂಟಿ. ಮುಯ್ಯಿಗೆ ಬೇರೆಯವರ ಕಬ್ಬು ಹೇರಿದ ದಿನ ಡೆಡ್‌ಲಿಫ್ಟ್ ಇಲ್ಲ. ತೂಕ ಏರಿಸುವುದು ವಾರಕ್ಕೊಮ್ಮೆ, ಅದೂ ಹಿಂದಿನ ವಾರದ್ದು ಸರಿಯಾಗಿ ಎದ್ದಿದ್ದರೆ ಮಾತ್ರ. ಮೊನ್ನೆ ಮಂಗಳವಾರ 97.5 ಕಿಲೋ ಎದ್ದಿತು. ಸೊಂಟ ನೋವಿಲ್ಲ. ಭಾರ ಹೊತ್ತು ಕೂತೇಳುವ ಸ್ಕ್ವಾಟ್ ಮಾತ್ರ ಎಪ್ಪತ್ತರಲ್ಲೇ ಇದೆ, ಮುಚ್ಚಿಡುವುದಿಲ್ಲ. ಡೆಡ್‌ಲಿಫ್ಟಿನಲ್ಲಿ ನೂರು ಇನ್ನೂ ಎತ್ತಿಲ್ಲ. ಮಾರ್ಚ್ 2ರಂದು ಕಲಬುರಗಿಯಲ್ಲಿ ಮೂರು ಯತ್ನಗಳ ಪೈಕಿ ಕೊನೆಯದಕ್ಕೆ ಅದನ್ನೇ ಹಾಕಲು ಹೇಳುತ್ತೇನೆ.

ವೈನಿಗೆ ನನ್ನ ನಮಸ್ಕಾರ, ಮಗುವಿಗೆ ಒಂದು ಮುದ್ದು. ಅವ್ವನ ಆಶೀರ್ವಾದ ನಿಮ್ಮ ಮೂವರಿಗೂ.

ನಿನ್ನ ತಂಗಿ,
ಶಿವಗಂಗಾ

ತಾ.ಕ.: ಅರ್ಜಿ ಇವತ್ತೇ ಕಳಿಸಿದೆ, ಕಡೆಯ ದಿನವಿತ್ತು. ಕೋಚ್ ಹೆಸರಿನ ಜಾಗ ಖಾಲಿ ಬಿಡುವಂತಿಲ್ಲ. ನಿನ್ನ ಹೆಸರು ಬರೆಯಲು ಪೆನ್ನು ಹಿಡಿದವಳು ಕೊನೆಗೆ ‘ಸುಂದರಬಾಯಿ’ ಎಂದು ಅವ್ವನ ಹೆಸರು ಬರೆದೆ. ಅವಳು ಆಗಲೇ ಆ ದಿನಕ್ಕೆಂದು ಇಳಕಲ್ ಸೀರೆ ತೆಗೆದಿಟ್ಟಿದ್ದಾಳೆ. ಅರ್ಜಿಯಲ್ಲಿ ಅವಳ ಹೆಸರಿನ ಕೆಳಗೆ ಸಹಾಯಕ ಕೋಚ್ ಎಂಬ ಸಾಲು ಖಾಲಿ ಇದೆ. ಅದನ್ನು ಸ್ಪರ್ಧೆಯ ದಿನ ಬೆಳಿಗ್ಗೆ ಎಂಟರವರೆಗೆ ತುಂಬಬಹುದಂತೆ.